ಹುಳುವಿನ ಜ್ವರ ಕಾಯಿಲೆಯಲ್ಲ



ಹುಳುಮನೆಯಲ್ಲಿ ರೇಷ್ಮೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತರೆ ಚಂದಕವಾಡಿ ಕಡೆಯ ನಾವು ‘ಜ್ವರಕ್ಕೆ ಕೂತಿತು’ ಅಂತೀವಿ. ಹೆಸರು ಜ್ವರ, ಆದರೆ ಇದು ಕಾಯಿಲೆಯಲ್ಲ. ಬೆಳೆಯುವ ಮಗುವಿಗೆ ಅಂಗಿ ಬಿಗಿಯಾಗುವ ಹಾಗೆ ಹುಳುವಿಗೆ ಅದರ ಚರ್ಮವೇ ಬಿಗಿಯಾಗುತ್ತದೆ. ಒಳಗೆ ಹೊಸ ಚರ್ಮ ಮಾಡಿಕೊಂಡು ಹಳೆಯ ಪೊರೆ ಕಳಚಲೇಬೇಕು. ಚಾಕಿಯಿಂದ ಹಣ್ಣಾಗುವ ತನಕ ಹೀಗೆ 4 ಸಲ.

ಕಳಚುವ ಹೊತ್ತು ಬಂತೆಂದು ಹೇಳುವವರು ಯಾರು? ಹುಳುವಿನ ಮಿದುಳು. ಮೈ ತಕ್ಕಷ್ಟು ತುಂಬಿದಾಗ ಅದು ಎದೆಯ ಭಾಗದ ಒಂದು ಗ್ರಂಥಿಗೆ ಅಪ್ಪಣೆ ಕೊಡುತ್ತದೆ. ಆ ಗ್ರಂಥಿ ರಕ್ತಕ್ಕೆ ಒಂದು ರಸ ಬಿಡುತ್ತದೆ. ಇಂಥ ರಸಕ್ಕೆ ಹಾರ್ಮೋನು ಎಂದು ಹೆಸರು. ಗ್ರಂಥಿಯ ಈ ಕೆಲಸವನ್ನು ಜಪಾನಿನ ಫುಕುಡ ಅವರು 1940ರಲ್ಲಿ ರೇಷ್ಮೆ ಹುಳುವಿನಲ್ಲೇ ತೋರಿಸಿಕೊಟ್ಟರು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಅವರು ಗೂಡಿನೊಳಗಿನ 500 ಕಿಲೋ ಕೋಶಗಳಿಂದ ಈ ರಸವನ್ನು ಬೇರ್ಪಡಿಸಿದರು. ಸಿಕ್ಕಿದ್ದು ಬರೀ 25 ಮಿಲಿಗ್ರಾಂ!

ಮಿದುಳಿನ ಹಿಂದೆ ಇನ್ನೊಂದು ರಸ ಹುಟ್ಟುತ್ತದೆ. ಅದು ಇರುವ ತನಕ, ಪೊರೆ ಬಿಟ್ಟ ಹುಳು ಮತ್ತೆ ಹುಳುವೇ. ನಾಲ್ಕನೆಯ ಜ್ವರ ಎದ್ದ ಮೇಲೆ ಅದು ಇಳಿದುಹೋಗುತ್ತದೆ. ಆಗಲೇ ಹುಳು ಹಣ್ಣಾಗಿ ಗೂಡು ಕಟ್ಟುವುದು.

ಆದ್ದರಿಂದ ಜ್ವರಕ್ಕೆ ಕೂತ ಹುಳುವನ್ನು ಕದಲಿಸಬೇಡಿ. ಹಾಸಿಗೆ ಒಣಗಿರಲಿ, ಗಾಳಿಯಾಡಲಿ; ತೆಳುವಾಗಿ ಸುಣ್ಣದ ಪುಡಿ ಉದುರಿಸಿ. ಮೊದಲು ಎದ್ದ ನಾಲ್ಕಾರು ಹುಳುವಿನ ಹಸಿವು ನೋಡಿ ಸೊಪ್ಪು ಹಾಕಿದಿರೋ, ಅವು ಮುಂದೆ ಓಡುತ್ತವೆ, ಕೂತವು ಸೊಪ್ಪಿನಡಿ ಹುದುಗುತ್ತವೆ, ಬೆಳೆ ಏರುಪೇರಾಗುತ್ತದೆ. ನೂರಕ್ಕೆ 95 ಎದ್ದ ಮೇಲೆ ಸೊಪ್ಪು ಕೊಡಿ.

ಇನ್ನೊಂದು ಎಚ್ಚರಿಕೆ. ಬೇರೆ ಬೆಳೆಗಳಲ್ಲಿ ಬಿಳಿನೊಣಕ್ಕೆ ಹೊಡೆಯುವ ಪೈರಿಪ್ರಾಕ್ಸಿಫೆನ್ ಎಂಬ ಔಷಧಿ ಆ ಎರಡನೆಯ ರಸದ ವೇಷ ಹಾಕಿದಂಥದು. ಅದರ ಹನಿ ಗಾಳಿಗೆ ತೂರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಹುಳು ಸಾಯದೆ, ಸೊಪ್ಪು ತಿನ್ನುತ್ತಲೇ ಇರಬಹುದು. ಗೂಡು ಮಾತ್ರ ಕಟ್ಟದು. ತಿಂಗಳ ದುಡಿಮೆ, ಕೊಟ್ಟ ಸೊಪ್ಪು ಎಲ್ಲ ಮಣ್ಣುಪಾಲು. ಅದಕ್ಕೇ ಪಕ್ಕದ ಹೊಲದವರನ್ನು ಮೊದಲೇ ಕಂಡು ಮಾತಾಡಿಕೊಳ್ಳಿ. ಔಷಧಿ ಡಬ್ಬಿಯ ಮೇಲಿನ ಹೆಸರು ಓದಿಸಿ ಕೇಳಿ. ಹನಿ ಬಿದ್ದ ಅನುಮಾನವಿದ್ದರೆ ಆ ಸಾಲಿನ ಸೊಪ್ಪು ಕೊಯ್ಯಬೇಡಿ.