ಸಹಿ ಹಾಕದ ಕನ್ಯಾಸ್ತ್ರೀಯರು

ಶಿವಮೊಗ್ಗದಿಂದ ಕುಂಸಿಯ ಮಾರ್ಗವಾಗಿ ಸಾಗರದತ್ತ ಹೋದರೆ ಇಕ್ಕೇರಿ, ಕೆಳದಿಗಳು ದೂರವಿಲ್ಲ. ಔರಂಗಜೇಬನ ಕೋಪಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ರಾಣಿ ಚೆನ್ನಮ್ಮನ ಕಥೆಯನ್ನು ಈ ಸೀಮೆಯವರಿಗೆ ನಾವು ಹೇಳಬೇಕಾಗಿಲ್ಲ. ಕರಾವಳಿಯಲ್ಲಿ ಇಗರ್ಜಿಗಳನ್ನು ಕಟ್ಟಲು ಪೋರ್ಚುಗೀಸರಿಗೆ ಅನುಮತಿಯಿತ್ತ 1678ರ ಒಪ್ಪಂದವೂ ಆಕೆಯ ಆಳ್ವಿಕೆಯ ಕಾಲದ್ದೇ. ಚೆನ್ನಮ್ಮನಿಗೆ ಕೋಟೆಯಿತ್ತು, ದಂಡಿತ್ತು, ಮಲೆನಾಡಿನ ಕಾಡು ಬೆನ್ನಿಗಿತ್ತು. ಅದೇ ಶತಮಾನದಲ್ಲಿ, ಇವಾವುವೂ ಇಲ್ಲದ ಕೆಲವು ಕಥೋಲಿಕ ಕನ್ಯಾಸ್ತ್ರೀಯರು ಫ್ರಾನ್ಸಿನ ದೊರೆ 14ನೇ ಲೂಯಿಯ ಆಜ್ಞೆಗೆ ಮಣಿಯದೆ ನಿಂತರು.

ಅವರ ಮಠದ ಹೆಸರು ಪೋರ್ ರೊಯಾಲ್. ಹನ್ನೊಂದರ ವಯಸ್ಸಿನಲ್ಲೇ ಮನೆತನದ ಪ್ರಭಾವದಿಂದ ಅದರ ಶ್ರೇಷ್ಠೆಯಾಗಿದ್ದ ಆಂಜೆಲಿಕ್ ಆರ್ನೋ, 1609ರ ಸೆಪ್ಟೆಂಬರ್ 25ರಂದು ಭೇಟಿಗೆ ಬಂದ ಸ್ವಂತ ತಂದೆಗೇ ಮಠದ ಬಾಗಿಲು ತೆರೆಯಲಿಲ್ಲ. ಏಕಾಂತವಾಸದ ನಿಯಮ ಎಲ್ಲರಿಗೂ ಒಂದೇ ಎಂಬುದು ಆಕೆಯ ನಿಲುವಾಗಿತ್ತು. ಆ ದಿನದಿಂದ ಮಠಕ್ಕೆ ಹೊಸ ಶಿಸ್ತು ಬಂದಿತು.

1653ರಲ್ಲಿ ಜಗದ್ಗುರು ಹತ್ತನೇ ಇನೊಸೆಂಟರು ದೇವರ ಕೃಪೆಯ ಕುರಿತಾದ ಐದು ವಾಕ್ಯಗಳನ್ನು ಖಂಡಿಸಿದರು. ಈ ತಪ್ಪುಬೋಧನೆಯು ಧರ್ಮಾಧ್ಯಕ್ಷ ಜಾನ್ಸೇನಿಯಸರ ಗ್ರಂಥದಲ್ಲಿದೆ ಎಂಬ ಪತ್ರಕ್ಕೆ ಧರ್ಮಭಗಿನಿಯರೂ ಸಹಿ ಮಾಡಬೇಕೆಂದು 1661ರಲ್ಲಿ ಅರಮನೆ ಒತ್ತಾಯಿಸಿತು. ಅದೇ ವರ್ಷ ಮಠದಲ್ಲಿ ಓದುತ್ತಿದ್ದ ಬಾಲಕಿಯರನ್ನೂ ನವಶಿಷ್ಯೆಯರನ್ನೂ ಹೊರಗೆ ಕಳುಹಿಸಲಾಯಿತು.

ಹೆಂಗಸರಿಗೆ ದೈವಶಾಸ್ತ್ರದ ಗೊಡವೆ ಏಕೆ, ಹೇಳಿದಂತೆ ಸಹಿ ಮಾಡಿದರಾಯಿತು ಎಂಬುದು ಅಂದಿನ ದೊಡ್ಡವರ ವಾದ. ಭಗಿನಿಯರು ಅದೇ ಮಾತನ್ನು ತಿರುಗಿಸಿದರು. ಖಂಡಿಸಲ್ಪಟ್ಟ ಬೋಧನೆಯನ್ನು ತಾವೂ ಖಂಡಿಸುತ್ತೇವೆ. ಆದರೆ ಅದು ಆ ಲ್ಯಾಟಿನ್ ಗ್ರಂಥದಲ್ಲಿ ಉಂಟೋ ಇಲ್ಲವೋ, ಅದನ್ನು ಓದಿಯೇ ಇರದ ಹೆಂಗಸರು ಪ್ರಮಾಣ ಮಾಡಿ ಹೇಳುವುದೆಂತು? ಕಾಣದ್ದನ್ನು ಕಂಡೆವೆಂದು ಬರೆದುಕೊಡುವುದು ಸುಳ್ಳುಸಾಕ್ಷಿಯಲ್ಲವೇ? ಅವರ ಪಕ್ಷದ ಎಲ್ಲ ಬೋಧನೆಯನ್ನು ನಾವು ಒಪ್ಪುವವರಲ್ಲ. ಅವರಲ್ಲಿ ಹಟವೂ ಇತ್ತು. ಆದರೂ ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅಂದು ಯಾರೂ ಕೊಟ್ಟಂತೆ ಕಾಣದು.

ಪ್ರಸಿದ್ಧ ವಿಜ್ಞಾನಿ ಪಾಸ್ಕಲ್‌ನ ತಂಗಿ ಜಾಕ್ಲಿನ್ ಇದೇ ಮಠದವಳು. ಧರ್ಮಾಧ್ಯಕ್ಷರಿಗೆ ಹೆಣ್ಣುಮಕ್ಕಳ ಧೈರ್ಯವಷ್ಟೇ ಇರುವಾಗ ಹೆಣ್ಣುಮಕ್ಕಳೇ ಧರ್ಮಾಧ್ಯಕ್ಷರ ಧೈರ್ಯ ತಾಳಬೇಕು ಎಂಬರ್ಥದಲ್ಲಿ ಅವಳು ಪತ್ರ ಬರೆದಳು. ಕೊನೆಗೆ ಒಲ್ಲದ ಮನಸ್ಸಿನಿಂದ ಷರತ್ತುಬದ್ಧವಾಗಿ ಸಹಿ ಮಾಡಿ, 1661ರ ಅಕ್ಟೋಬರ್ 4ರಂದು, ತನ್ನ 36ನೆಯ ಹುಟ್ಟುಹಬ್ಬದ ದಿನವೇ, ತೀರಿಕೊಂಡಳು.

1664ರ ಆಗಸ್ಟ್ 26ರಂದು ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷ ಪೆರೆಫಿಕ್ಸರು ರಾಜಭಟರೊಡನೆ ಮಠಕ್ಕೆ ಬಂದು 12 ಮಂದಿಯನ್ನು ಬೇರೆಬೇರೆ ಮಠಗಳಿಗೆ ಸಾಗಿಸಿದರು. ಇವರು ದೇವದೂತರಂತೆ ನಿರ್ಮಲರು, ಲೂಸಿಫರನಂತೆ ಗರ್ವಿಗಳು ಎಂದು ಅವರು ಹೇಳಿದರೆಂಬ ಪ್ರತೀತಿಯಿದೆ. ಸಹಿ ಮಾಡದವರಿಗೆ ಪರಮಪ್ರಸಾದ ನಿಂತುಹೋಯಿತು. ಮರಣಶಯ್ಯೆಯಲ್ಲಿದ್ದವರಿಗೂ ಸಂಸ್ಕಾರಗಳು ದೊರೆಯಲಿಲ್ಲ. ಪ್ರಭುವಿಗಾಗಿಯೇ ಮನೆಮಾರು ತೊರೆದವರಿಗೆ ಇದೆಂತಹ ಶಿಕ್ಷೆಯೆಂದು ಕಥೋಲಿಕ ಕುಟುಂಬಗಳು ಊಹಿಸಬಲ್ಲವು. ಕೆಲವರು ತಾಳಲಾರದೆ ಸಹಿ ಮಾಡಿದರು. ಅವರನ್ನು ನಾವು ಹಳಿಯಲಾರೆವು.

1669ರಲ್ಲಿ ರಾಜಿಯಾಯಿತು. ಆದರೆ ದೊರೆ ಮರೆಯಲಿಲ್ಲ. 1679ರಲ್ಲಿ ನವಶಿಷ್ಯೆಯರನ್ನು ಸೇರಿಸಿಕೊಳ್ಳುವುದು ಮತ್ತೆ ನಿಷೇಧವಾಯಿತು. ಮಠವು ವರ್ಷದಿಂದ ವರ್ಷಕ್ಕೆ ಮುದಿಯಾಗುತ್ತ ಹೋಯಿತು. 1709ರ ಅಕ್ಟೋಬರ್ 29ರಂದು ಪೊಲೀಸ್ ಅಧಿಕಾರಿ ದಾರ್ಜಾನ್‌ಸೋನ್ ಬಂದಾಗ ಅಲ್ಲಿ ಉಳಿದಿದ್ದವರು 22 ಮಂದಿ. ಒಬ್ಬರನ್ನೊಬ್ಬರು ಮತ್ತೆ ಕಾಣದಂತೆ ಅವರನ್ನು ದೂರದೂರದ ಮಠಗಳಿಗೆ ಒಯ್ಯಲಾಯಿತು. ಮರುವರ್ಷ ಕಟ್ಟಡಗಳನ್ನು ಕೆಡವಲು ಆಜ್ಞೆಯಾಯಿತು. ಸಮಾಧಿಗಳನ್ನೂ ಅಗೆದು, ಅಲ್ಲಿದ್ದ ಶವಗಳನ್ನು ನೆರೆಯ ಹಳ್ಳಿಯೊಂದರ ಸ್ಮಶಾನದ ಒಂದೇ ಗುಂಡಿಗೆ ಹಾಕಿದರು.

ಪ್ಯಾರಿಸ್ಸಿನ ನೈಋತ್ಯದ ಆ ಕಣಿವೆಯಲ್ಲಿ ಇಂದು ದೇವಾಲಯದ ಅಡಿಪಾಯ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಮಠದ ಪಾರಿವಾಳದ ಗೋಪುರವೊಂದು ಹೇಗೋ ಉಳಿದುಕೊಂಡಿದೆ. ಸೆರೆಯಲ್ಲಿದ್ದ ಭಗಿನಿಯರು ಬರೆದಿಟ್ಟ ವೃತ್ತಾಂತಗಳೂ ಉಳಿದವು. ಮುಂದೆ ಅವು ಅಚ್ಚಾದವು.