ಮೊದಲು ಹಗ್ಗ, ಆಮೇಲೆ ಯಂತ್ರ

ನಮ್ಮ ಸದಸ್ಯ ಕುಟುಂಬಗಳಲ್ಲಿ ಸ್ವಂತ ದೋಣಿ ಇಟ್ಟುಕೊಂಡವರನ್ನು ಎಣಿಸಲು ಒಂದು ಕೈಯ ಬೆರಳುಗಳೇ ಹೆಚ್ಚು. ಆದರೆ ಇಚಿಕಾವಾದಲ್ಲಿ ಮನೆ ಮಾಡಿದ ಮೇಲೆ, ಇಂದಲ್ಲ ನಾಳೆ, ಆಫೀಸಿನ ಜಪಾನೀ ಮಿತ್ರರೊಬ್ಬರು "ಭಾನುವಾರ ಹಾಝೆ ಹಿಡಿಯಲು ಹೋಗೋಣ, ಬನ್ನಿ" ಎಂದು ಕರೆಯದೆ ಇರುವುದಿಲ್ಲ. ಹಾಝೆ ಎಂದರೆ ಬೆರಳುದ್ದದ ಒಂದು ಮೀನು. ತೆಂಪುರಾ ಮಾಡಿ ತಿನ್ನುತ್ತಾರೆ. ಮೀನು ತಿನ್ನದವರೂ ದೋಣಿ ಹತ್ತಬಹುದು, ಗಾಳಿಗೆ ಮಡಿ ಮೈಲಿಗೆ ಇಲ್ಲ. ಹೋದ ಮೇಲೆ ಅತಿಥಿಯೆಂದು ಕೈಕಟ್ಟಿ ನಿಲ್ಲುವುದು ನಮ್ಮವರಿಗೆ ಬಾರದು. "ಕೊಡಿ, ನಾನು ಹಿಡಿಯುತ್ತೇನೆ" ಎಂದು ಮುಂದಾಗುತ್ತೇವೆ. ಆಗ ಕೈಗೆ ಬರುವುದೇ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು. ಅದನ್ನು ದೋಣಿಗೆ ಏರಿಸುವ ಮತ್ತು ಇಳಿಸುವ ಆ ಒಂದೆರಡು ನಿಮಿಷಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಸೊಂಟ ಹಿಡಿಯುವುದೂ, ಬೆರಳು ಜಜ್ಜುವುದೂ, ಲಕ್ಷ ಯೆನ್ನಿನ ಯಂತ್ರ ಕೆಸರಿಗೆ ಇಳಿಯುವುದೂ, ಅದರ ಹಿಂದೆಯೇ ಮನುಷ್ಯನೂ ಇಳಿಯುವುದೂ ಈ ಒಂದೆರಡು ನಿಮಿಷಗಳಲ್ಲೇ.

ಹೆಸರಿನಿಂದ ಆರಂಭಿಸೋಣ. ಇಂಗ್ಲಿಷಿನಲ್ಲಿ ಔಟ್‌ಬೋರ್ಡ್ ಮೋಟಾರ್. ಜಪಾನಿಯಲ್ಲಿ ಸೆನ್‌ಗೈಕಿ: ಸೆನ್ ಅಂದರೆ ಹಡಗು, ಗೈ ಅಂದರೆ ಹೊರಗೆ, ಕಿ ಅಂದರೆ ಯಂತ್ರ. ದೋಣಿಯ ಒಡಲಿನಲ್ಲಿ ಕೂರದೆ ಹೊರಗೆ ಜೋತುಬಿದ್ದಿರುವ ಯಂತ್ರ. ಅದು ಜೋತುಬೀಳುವ ಪುಟ್ಟ ದೋಣಿಗೆ ಡಿಂಗಿ ಎನ್ನುತ್ತಾರೆ. ಈ ಮಾತು ನಮ್ಮ ದೇಶದ್ದೇ. ಹಿಂದಿ, ಬಂಗಾಳಿಗಳ ಡಿಂಗಿಯನ್ನು ಇಂಗ್ಲಿಷರು ತಮ್ಮ ಹಡಗಿಗೆ ಹಾಕಿಕೊಂಡು ಹೋದರು.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ ಎಂಬಾತ 1909ರಲ್ಲಿ ಮಾರಾಟಕ್ಕೆ ತಂದ ಮೋಟಾರು ಒಂದೂವರೆ ಅಶ್ವಶಕ್ತಿಯದು, ತೂಕ 62 ಪೌಂಡು, ಎಂದರೆ 28 ಕಿಲೋ. ಜಪಾನಿನಲ್ಲಿ ತೋಹಾತ್ಸು 1956ರಲ್ಲಿ, ಯಮಾಹಾ 1960ರಲ್ಲಿ, ಹೋಂಡಾ 1964ರಲ್ಲಿ ಈ ಯಂತ್ರವನ್ನು ಹೊರತಂದವು. ಈಗ ಎರಡು ಅಶ್ವಶಕ್ತಿಯ, ಗಾಳಿಯಿಂದಲೇ ತಣಿಯುವ ಫೋರ್‌ಸ್ಟ್ರೋಕ್ ಮೋಟಾರು ಹದಿಮೂರು ಹದಿನಾಲ್ಕು ಕಿಲೋಗೆ ಸಿಗುತ್ತದೆ. ಊರಿನ ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಇದು ಖಾಲಿ ಗ್ಯಾಸ್ ಸಿಲಿಂಡರಿಗಿಂತ ಸ್ವಲ್ಪ ಹಗುರ. ಎಂಟು ಹತ್ತು ಅಶ್ವಶಕ್ತಿಗೆ ಹೋದರೆ 37ರಿಂದ 40 ಕಿಲೋ. ತುಂಬಿದ ಸಿಲಿಂಡರಿನ ಮೇಲೆ ಇನ್ನೊಂದು ಪುಟ್ಟ ಅಕ್ಕಿಮೂಟೆ ಇಟ್ಟಂತೆ.

ಹದಿಮೂರು ಕಿಲೋ ಏನು ಮಹಾ ಎನ್ನುವವರಿದ್ದಾರೆ. ಸಿಲಿಂಡರಿಗೆ ಹಿಡಿಯಲು ಬಳೆ ಇದೆ, ತಳ ಸಮವಾಗಿದೆ, ನಿಂತ ನೆಲ ಅಲುಗುವುದಿಲ್ಲ. ಮೋಟಾರಿನ ಭಾರವೆಲ್ಲ ತಲೆಯಲ್ಲಿ. ಕೆಳಗೆ ಉದ್ದನೆಯ ಕಾಲು, ತುದಿಯಲ್ಲಿ ಪ್ರೊಪೆಲರ್. ಹಿಡಿದ ಕೂಡಲೇ ಕೈಯಲ್ಲಿ ತಿರುಗುತ್ತದೆ. ಇಷ್ಟಾದರೂ ತೂಕ ದೊಡ್ಡ ತೊಂದರೆಯಲ್ಲ. ಕೊಡುವವನು ಅಲುಗದ ಜಾಗದಲ್ಲಿ, ತೆಗೆದುಕೊಳ್ಳುವವನು ಅಲುಗುವ ಜಾಗದಲ್ಲಿ. ಇಬ್ಬರ ಕೈಗಳ ನಡುವೆ ಒಂದು ಕ್ಷಣ ಯಂತ್ರ ಯಾರದೂ ಅಲ್ಲ. ಕೊಟ್ಟೆನೆಂದು ಇವನು ಬಿಡುತ್ತಾನೆ, ಇನ್ನೂ ಬಂದಿಲ್ಲವೆಂದು ಅವನು ಹಿಡಿದಿರುವುದಿಲ್ಲ. ನೀರಿಗೆ ಬೀಳುವ ಮೋಟಾರುಗಳು ಬೀಳುವುದು ಆಗಲೇ.

ಇಚಿಕಾವಾದ ನೀರು ಈ ಕೆಲಸವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತೋಝಾಯ್ ರೈಲಿನಲ್ಲಿ ಮ್ಯೋದೆನ್ ದಾಟಿ ಬರಾಕಿ-ನಾಕಾಯಾಮಾ ಕಡೆ ಹೋಗುವಾಗ ಸೇತುವೆಯ ಕೆಳಗೆ ಕಾಣುವ ಅಗಲವಾದ ನೀರು ಹುಟ್ಟು ನದಿಯಲ್ಲ. ಪ್ರವಾಹದ ನೀರನ್ನು ನೇರವಾಗಿ ಕಡಲಿಗೆ ಬಿಡಲು 1910ರ ದಶಕದಲ್ಲಿ ಎದೊಗಾವಾ ನದಿಗೆ ತೋಡಿದ ಕಾಲುವೆ ಅದು. ಅದರ ಮೇಲ್ಗಡೆ 1957ರಲ್ಲಿ ಮುಗಿದ ಗ್ಯೋತೊಕು ಕಿಂಡಿ ಅಣೆಕಟ್ಟು ಇದೆ. ಮಾಮೂಲಿ ದಿನಗಳಲ್ಲಿ ಬಾಗಿಲು ಹಾಕಿರುವುದರಿಂದ ಕೆಳಗಿನ ಭಾಗದಲ್ಲಿ ತುಂಬಿರುವುದು ಕಡಲ ಉಪ್ಪುನೀರು. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಟೋಕಿಯೊ ಕೊಲ್ಲಿಯ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ಅಂತರ. ಬೆಳಿಗ್ಗೆ ಕಾಲ ಮಟ್ಟಕ್ಕಿದ್ದ ದೋಣಿ ಮಧ್ಯಾಹ್ನ ಆಳೆತ್ತರ ಕೆಳಗಿರುತ್ತದೆ. ನೀರು ಇಳಿದಲ್ಲಿ ಕೆಸರು. ಕಾಲಿಟ್ಟರೆ ಮೊಣಕಾಲವರೆಗೆ ಎಳೆದುಕೊಳ್ಳುವಂಥದು. ಕೈಯಲ್ಲಿ ಮೋಟಾರು ಹಿಡಿದು ಆ ಕೆಸರಿನಲ್ಲಿ ನಡೆಯುವ ಸಾಹಸ ಬೇಡ. ಜೊತೆಗೆ ಈ ನೀರು ಉಪ್ಪಾದ್ದರಿಂದಲೇ ಪ್ರತಿ ಸಲ ಮೋಟಾರನ್ನು ಕಳಚಿ ಮನೆಗೆ ತಂದು ತೊಳೆಯಬೇಕು. ಗಟ್ಟಿ ಗೋಡೆಯ ಬೋಟುಮನೆ ಇದ್ದವರಿಗೆ ಈ ಪಾಡಿಲ್ಲ; ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿರುವವರಿಗೆ ಇದೆ.

ದೋಣಿ ಈ ಊರಿಗೆ ಹೊಸದೇನಲ್ಲ. ಗ್ಯೋತೊಕುವಿನ ಉಪ್ಪನ್ನೂ ಯಾತ್ರಿಕರನ್ನೂ ನಿಹೊನ್‌ಬಾಶಿಗೆ ಸಾಗಿಸುವ ದೋಣಿಗಳು 1632ರಿಂದಲೇ ಇದ್ದವು. ಆ ದೋಣಿಗಟ್ಟೆಯಲ್ಲಿ 1812ರಲ್ಲಿ ನಿಲ್ಲಿಸಿದ ಕಲ್ಲುದೀಪ ಇಂದಿಗೂ ಇದೆ, ಸಂಜೆ ವಾಯುವಿಹಾರಕ್ಕೆ ಹೋದವರು ನೋಡಿರಬಹುದು. ಆಮೇಲೆ ನೋರಿ ಬೆಳೆಯುವವರ ಬೆಕಾ ದೋಣಿಗಳು ಬಂದವು: ಒಬ್ಬನೇ ನಡೆಸುವ, ತೆಳು ಹಲಗೆಯ, ಚಪ್ಪಟೆ ತಳದವು. ಪಕ್ಕದ ಉರಾಯಾಸುವಿನಲ್ಲಿ ಮೀನುಗಾರರು 1971ರಲ್ಲಿ ತಮ್ಮ ಹಕ್ಕನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು. ಇಚಿಕಾವಾದ ಮುಂದಿನ ಸಾನ್‌ಬಾನ್‌ಝೆ ಎಂಬ ಆಳವಿಲ್ಲದ ಕಡಲು ಮಾತ್ರ ಉಳಿದುಕೊಂಡಿತು. ಅದನ್ನು ತುಂಬಿ ನೆಲ ಮಾಡುವ ಯೋಜನೆಯನ್ನು 2001ರಲ್ಲಿ ಕೈಬಿಡಲಾಯಿತು.

ಮೋಟಾರು ಏರಿಸಿ ಇಳಿಸುವುದರಲ್ಲಿ ನಿಜವಾದ ಪಂಡಿತರು ಬೇಕೆಂದರೆ ನಮ್ಮ ಕರಾವಳಿಗೇ ಹೋಗಬೇಕು. ಮರವಂತೆ, ಉಪ್ಪುಂದ, ಗಂಗೊಳ್ಳಿಯ ನಾಡದೋಣಿಗಳನ್ನು ನೆನೆಯಿರಿ. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬೋಟುಗಳು ಬಂದು, ಊರೆಲ್ಲ ಸೇರಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿತು. ನಾಡದೋಣಿಯವರು ಬದುಕಲು ಹಿಡಿದ ದಾರಿಗಳಲ್ಲಿ 1980ರ ದಶಕದಿಂದ ಹರಡಿದ ಔಟ್‌ಬೋರ್ಡ್ ಮೋಟಾರು ಒಂದು. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುವ ಯಂತ್ರಗಳು ಅವು. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಹತ್ತು ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗೆ ಮಾತ್ರ ಅವಕಾಶ. ಹತ್ತು ಅಶ್ವಶಕ್ತಿ ಸರ್ಕಾರ ಹಾಕಿದ ಮಿತಿ, ಆದರೆ ಇಬ್ಬರು ಆಳುಗಳ ಹೆಗಲಿನ ಮಿತಿಯೂ ಹೆಚ್ಚುಕಡಿಮೆ ಅದೇ ಎಂಬುದು ನನ್ನ ಅನಿಸಿಕೆ. ಮಳೆಗಾಲದ ಅಲೆ ಹೊಡೆಯುತ್ತಿರುವಾಗ ಬರಿಗಾಲಿನಲ್ಲಿ ಮರಳ ಮೇಲೆ ಅದನ್ನು ಹೊತ್ತು ತಂದು ದೋಣಿಗೆ ಕೂರಿಸುವವರ ಮುಂದೆ, ತೇಲುವ ಕಟ್ಟೆಯ ಮೇಲೆ ಕೈಚೀಲ ಹಾಕಿಕೊಂಡು ನಿಂತ ನಾವು ಯಾವ ಲೆಕ್ಕ?

ಗೆಳೆಯರೊಬ್ಬರು ಗಂಗೊಳ್ಳಿ ಕಡೆಯವರು, ಇಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರ ಅಪ್ಪಯ್ಯ ಕಲಿಸಿದ ಪಾಠ ಎಂದು ಅವರು ಹೇಳುವುದು ಇಷ್ಟೆ: "ಮಿಷನ್ನಿಗೆ ಹಗ್ಗ ಕಟ್ಟದೆ ನೆಲ ಬಿಡಿಸಬೇಡ." ಯಂತ್ರದ ಹಿಡಿಕೆಗೆ ಒಂದು ಗಟ್ಟಿ ಹಗ್ಗ, ಅದರ ಇನ್ನೊಂದು ತುದಿ ದೋಣಿಯ ಅಥವಾ ಕಟ್ಟೆಯ ಗಟ್ಟಿ ಬಳೆಗೆ. ಮನುಷ್ಯನ ಕೈಗೋ ಸೊಂಟಕ್ಕೋ ಎಂದೂ ಅಲ್ಲ. ಬಿಗಿದಷ್ಟೂ ಜಾರದ, ಬೇಕೆಂದಾಗ ಸಲೀಸಾಗಿ ಬಿಚ್ಚುವ ಗಂಟು ಬೇಕು. ಜಪಾನೀಯರು ಮೊಯಾಯಿ ಮುಸುಬಿ ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಬೋಲೈನ್. ಹಗ್ಗ ಆದಷ್ಟು ಮೋಟು ಇರಲಿ, ಯಂತ್ರ ಜಾರಿದರೂ ತಳ ಮುಟ್ಟದೆ ನಿಲ್ಲುವಂತೆ. ಹಗ್ಗ ಕಟ್ಟಿದೆ ಎಂಬ ಧೈರ್ಯದಿಂದ ಇನ್ನೊಂದು ದೊಡ್ಡ ಉಪಕಾರವಾಗುತ್ತದೆ: ಜಾರಿದ ಯಂತ್ರವನ್ನು ಹಿಡಿಯಲು ಯಾರೂ ಹಿಂದೆಯೇ ಹಾರುವುದಿಲ್ಲ.

ಇನ್ನು ಏರಿಸುವ ಕ್ರಮ. ದೋಣಿಯನ್ನು ಮುಂದೆ ಹಿಂದೆ ಎರಡೂ ಕಡೆ ಕಟ್ಟೆಗೆ ಬಿಗಿದು ಕಟ್ಟಿ. ಒಂದೇ ಹಗ್ಗದಲ್ಲಿ ಕಟ್ಟಿದ ದೋಣಿ, ಕೈ ಚಾಚಿದ ಕೂಡಲೇ ಮೆಲ್ಲಗೆ ದೂರ ಸರಿಯುತ್ತದೆ. ಮೋಟಾರಿನ ಎರಡೂ ಕ್ಲಾಂಪ್ ತಿರುಪುಗಳನ್ನು ನೆಲದ ಮೇಲೇ ಪೂರ್ತಿ ಸಡಿಲಿಸಿ ಇಡಿ, ದೋಣಿಯಲ್ಲಿ ಒಂದು ಕೈಯಲ್ಲಿ ಭಾರ ಹಿಡಿದು ಇನ್ನೊಂದರಲ್ಲಿ ತಿರುಪು ಬಿಚ್ಚುವ ಸರ್ಕಸ್ಸು ಬೇಡ. ದೋಣಿಯಲ್ಲಿರುವವರು ನಿಲ್ಲಬಾರದು, ನಡುವೆ ಮಂಡಿಯೂರಿ ಕೂರಬೇಕು. ಮೂರನೆಯವರೊಬ್ಬರಿದ್ದರೆ ಮೂತಿಯಲ್ಲಿ ಕೂರಿಸಿ. ಮೋಟಾರೂ ಅದನ್ನು ಸಿಕ್ಕಿಸುವವರೂ ಹಿಂದಕ್ಕೆ ಬಂದಾಗ ಪುಟ್ಟ ದೋಣಿಯ ಹಿಂಬದಿ ನೀರಿಗೆ ಕುಸಿಯುತ್ತದೆ.

ಕಟ್ಟೆಯಿಂದ ನೇರವಾಗಿ ಹಿಂಬದಿ ಹಲಗೆಗೆ ಸಿಕ್ಕಿಸಲು ಹೋಗುವವರೇ ಹೆಚ್ಚು. ನನಗೆ ಅದು ಸರಿಕಾಣದು. ಮೊದಲು ಯಂತ್ರವನ್ನು ದೋಣಿಯ ನಡುವೆ ಒಂದು ಹಳೆಯ ಗೋಣಿಯ ಮೇಲೆ ಮಲಗಿಸಿ, ಎಲ್ಲರೂ ಉಸಿರು ಬಿಟ್ಟು, ಆಮೇಲೆ ಅಲ್ಲಿಂದ ಹಲಗೆಗೆ ಎತ್ತುವುದು ಮೇಲು. ಎರಡು ಸಲ ಎತ್ತಿದಂತಾಗುತ್ತದೆ, ಆದರೆ ಅಂತರದ ಮೇಲೆ ಕೈ ಬದಲಾಗುವುದು ಒಂದೇ ಸಲ. ಹಿಡಿಯುವುದು ಯಂತ್ರಕ್ಕಿರುವ ಹಿಡಿಕೆಯನ್ನು ಮತ್ತು ಕಾಲಿನ ನಡುಭಾಗವನ್ನು. ಚುಕ್ಕಾಣಿಯ ಕೋಲನ್ನೋ ಪ್ಲಾಸ್ಟಿಕ್ ಮುಚ್ಚಳವನ್ನೋ ಹಿಡಿದು ಎತ್ತಿದರೆ, ಮುಚ್ಚಳ ಕೈಯಲ್ಲಿ ಉಳಿದು ಮೋಟಾರು ಕೆಳಗೆ ಹೋದೀತು. ಯಂತ್ರ ಹೊಟ್ಟೆಗೆ ಹತ್ತಿರ ಇರಲಿ, ಮಂಡಿ ಬಗ್ಗಲಿ, ಸೊಂಟ ತಿರುಚುವುದು ಬೇಡ. ತಿರುಗಬೇಕಾದರೆ ಇಡೀ ಮೈಯನ್ನೇ ತಿರುಗಿಸಿ. ಬೆರಳಿನ ಉಂಗುರ ಮನೆಯಲ್ಲಿರಲಿ.

ಮಾತು ಒಬ್ಬರದೇ ಇರಬೇಕು. ಜಪಾನೀಯರು ಒಟ್ಟಿಗೆ ಎತ್ತುವಾಗ "ಸೇ...ನೊ!" ಎನ್ನುತ್ತಾರೆ, ನಮ್ಮ ಐಲೇಸಾದ ಹಾಗೆ. ಎತ್ತಲು ಅದು ಚೆನ್ನ, ಬಿಡಲು ಸಾಲದು. ಪಡೆಯುವವರು ಬಾಯಿಬಿಟ್ಟು "ಹಿಡಿದೆ" ಎನ್ನುವವರೆಗೆ ಕೊಡುವವರು ಬಿಡಕೂಡದು. ಕನ್ನಡದಲ್ಲೋ ಜಪಾನಿಯಲ್ಲೋ, ಯಾವ ಮಾತಿಗೆ ಬಿಡುವುದೆಂದು ಎತ್ತುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. "ಹಾಯ್" ಎಂಬುದನ್ನು ನಂಬಬೇಡಿ. ಇಲ್ಲಿನವರು ಕೇಳಿಸಿತು ಎನ್ನಲೂ ಹಾಯ್ ಎನ್ನುತ್ತಾರೆ.

ಹಲಗೆಯ ಸರಿ ನಡುವೆ ಕೂರಿಸಿ ಎರಡೂ ತಿರುಪುಗಳನ್ನು ಸಮನಾಗಿ ಕೈಯಲ್ಲೇ ಬಿಗಿಯಿರಿ. ಐದು ಹತ್ತು ನಿಮಿಷ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು, ನಡುಕಕ್ಕೆ ಅವು ಸಡಿಲವಾಗಿರುತ್ತವೆ. ಕಟ್ಟೆಗೆ ಕಟ್ಟಿದ್ದ ಹಗ್ಗವನ್ನು ದೋಣಿಯ ಬಳೆಗೆ ವರ್ಗಾಯಿಸಿ ಹಾಗೆಯೇ ಬಿಡಿ.

ಇಳಿಸುವಾಗ ದಣಿದಿರುತ್ತೀರಿ, ಮಕ್ಕಳು ಹಸಿದಿರುತ್ತಾರೆ, ಕತ್ತಲಾಗುತ್ತಿರುತ್ತದೆ. ಅವಸರ ಹೆಚ್ಚು. ಪೆಟ್ರೋಲಿನ ನಲ್ಲಿ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಉರಿದು ಯಂತ್ರ ತಾನೇ ನಿಲ್ಲಲಿ. ಟ್ಯಾಂಕಿನ ಗಾಳಿತಿರುಪನ್ನೂ ಮುಚ್ಚಿ. ನೀರಿನಿಂದ ತಣಿಯುವ ಮೋಟಾರಾದರೆ ನೆಟ್ಟಗೆ ಹಿಡಿದು ಒಳಗಿನ ನೀರು ಸೋರಿಹೋಗಲು ಒಂದು ನಿಮಿಷ ಕೊಡಿ. ಕಾಲು ಮೇಲಾಗಿ ತಲೆ ಕೆಳಗಾದರೆ ಆ ನೀರು ಹೊಗೆಯ ದಾರಿ ಹಿಡಿದು ಸಿಲಿಂಡರಿಗೇ ಹೋಗುತ್ತದೆ. ಫೋರ್‌ಸ್ಟ್ರೋಕ್ ಯಂತ್ರದ ಹೊಟ್ಟೆಯಲ್ಲಿ ಎಣ್ಣೆಯೂ ಇರುವುದರಿಂದ ಬೇಕಾದ ಮಗ್ಗುಲಿಗೆ ಮಲಗಿಸುವಂತಿಲ್ಲ. ಯಾವ ಮಗ್ಗುಲು ಎಂಬುದನ್ನು ಕೈಪಿಡಿಯಲ್ಲಿ, ಎಷ್ಟೋ ಸಲ ಯಂತ್ರದ ಮೈಮೇಲೇ ಬರೆದಿರುತ್ತಾರೆ.

ಇಷ್ಟಾಗಿಯೂ ಮುಳುಗಿತೆನ್ನಿ. ನಿಂತ ಯಂತ್ರ ಮುಳುಗಿದ್ದರೆ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಹಗ್ಗ ಎಳೆದು ಒಳಗಿನ ನೀರನ್ನು ಹೊರಗೆ ಹಾಕಿ ಅದೇ ದಿನ ಮೆಕ್ಯಾನಿಕ್ ಬಳಿ ಒಯ್ಯಬೇಕು. ಒಯ್ಯಲಾಗದಿದ್ದರೆ ಸಿಹಿನೀರಿನ ತೊಟ್ಟಿಯಲ್ಲೇ ಮುಳುಗಿಸಿಡಿ. ಉಪ್ಪು ಮತ್ತು ಗಾಳಿ ಸೇರಿದಾಗಲೇ ತುಕ್ಕು ತಿನ್ನುವುದು. ಓಡುತ್ತಿದ್ದಾಗ ಮುಳುಗಿದ್ದರೆ ಎಳೆಯಲೇಬೇಡಿ, ಒಳಗಿನ ದಂಡ ಬಾಗಿರಬಹುದು.

ಕಾನೂನಿನ ಎರಡು ಮಾತು. ಮೂರು ಮೀಟರಿಗಿಂತ ಚಿಕ್ಕ ದೋಣಿ, 1.5 ಕಿಲೋವ್ಯಾಟಿಗಿಂತ ಕಡಿಮೆಯ ಮೋಟಾರು, ಪ್ರೊಪೆಲರನ್ನು ತಕ್ಷಣ ನಿಲ್ಲಿಸುವ ಏರ್ಪಾಡು, ಇವಿದ್ದರೆ 2003ರಿಂದ ಜಪಾನಿನಲ್ಲಿ ಲೈಸೆನ್ಸ್ ಬೇಡ. ಎರಡು ಅಶ್ವಶಕ್ತಿಯ ಯಂತ್ರಗಳು ಇಷ್ಟೊಂದು ಕಾಣಲು ಇದೇ ಕಾರಣ. ಆ ಕೆಂಪು ಸುರುಳಿ ದಾರವನ್ನು ಮಣಿಕಟ್ಟಿಗೆ ಹಾಕಿಕೊಳ್ಳದಿದ್ದರೆ ಏರ್ಪಾಡು ಇದ್ದೂ ಇಲ್ಲದಂತೆ. ಸಣ್ಣ ಬೋಟುಗಳಲ್ಲಿ ಹೊರಗೆ ಕೂರುವ ಎಲ್ಲರಿಗೂ ಜೀವರಕ್ಷಕ ಜಾಕೆಟ್ 2018ರ ಫೆಬ್ರವರಿಯಿಂದ ಕಡ್ಡಾಯ. ನಮ್ಮ ಪುಟ್ಟ ದೋಣಿಗೆ ಕಾನೂನು ಏನೇ ಹೇಳಲಿ, ಮೋಟಾರಿಗೆ ಕೈ ಹಾಕುವ ಮುಂಚೆಯೇ, ಕಟ್ಟೆಯ ಮೇಲಿರುವಾಗಲೇ ಹಾಕಿಕೊಳ್ಳಿ. ದೋಣಿ ಎಲ್ಲಿ ಇಳಿಸಬಹುದೆಂದು ಆಯಾ ಜಾಗದಲ್ಲೇ ವಿಚಾರಿಸಿ, ಅಣೆಕಟ್ಟಿನ ಹತ್ತಿರ ಸುಳಿಯಬೇಡಿ.

ಪೆಟ್ರೋಲನ್ನು ಸೀಮೆಎಣ್ಣೆಯ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಡುವುದಿಲ್ಲ. ಒಪ್ಪಿಗೆ ಪಡೆದ ಲೋಹದ ಡಬ್ಬ ಬೇಕು, ಬಂಕಿನವರೇ ತುಂಬಿಕೊಡುತ್ತಾರೆ. 2020ರ ಫೆಬ್ರವರಿಯಿಂದ ಗುರುತಿನ ಚೀಟಿ ನೋಡಿ, ಯಾತಕ್ಕೆಂದು ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಹಿಡಿದು ರೈಲು ಹತ್ತುವಂತಿಲ್ಲ. ಖಾಲಿ ಮಾಡಿದ ಮೋಟಾರನ್ನು ಮನೆಯಲ್ಲಿ ನೆಟ್ಟಗೆ ನಿಲ್ಲಿಸಲು ನಾಲ್ಕು ಹಲಗೆಯ ಒಂದು ಸ್ಟ್ಯಾಂಡ್ ಮಾಡಿಸಿಕೊಂಡರೆ ಸಾಕು, ಬಾಲ್ಕನಿಯ ಮೂಲೆಯಲ್ಲಿ ಒಗೆಯುವ ಯಂತ್ರದ ಪಕ್ಕ ಹಿಡಿಸುತ್ತದೆ. ಮನೆಯಾಕೆಯ ಒಪ್ಪಿಗೆ ಮೊದಲೇ ಪಡೆದಿರಿ.