ಸದ್ದು ನುಂಗುವ ಬೂದಿ

ರಾಯಚೂರಿನ ಕಡೆಯವರಿಗೆ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಹಾರುಬೂದಿ ಹೊಸದಲ್ಲ. ಅದು ಸಿಮೆಂಟಿಗೆ, ಇಟ್ಟಿಗೆಗೆ ಸೇರುವುದೂ ಗೊತ್ತು. ನಾನು ಹೇಳಹೊರಟಿರುವುದು ಅದರ ಒಡಹುಟ್ಟಿನ ಬಗ್ಗೆ. ಕಲ್ಲಿದ್ದಲು ಉರಿದು ಬರುವ ಬೂದಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಹೊಗೆಯೊಂದಿಗೆ ಹಾರುತ್ತದೆ. ಉಳಿದದ್ದು ಬಾಯ್ಲರಿನ ತಳಕ್ಕೆ ಉದುರುತ್ತದೆ. ಈ ತಳಬೂದಿ ಒರಟು, ಹಗುರ, ಮೈತುಂಬ ತೂತು.

ತೂತಿನ ಬೆಲೆ ತಿಳಿಯುವ ದಾರಿ ತೆರೆದದ್ದು 1895ರಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಭವನದಲ್ಲಿ ಮಾತು ಮಾರ್ದನಿಯಲ್ಲಿ ಕಲಸಿಹೋಗುತ್ತಿತ್ತು. ಅದನ್ನು ಸರಿಪಡಿಸುವ ಹೊಣೆ ಯುವ ಅಧ್ಯಾಪಕ ವಾಲೇಸ್ ಸೇಬಿನ್ ಅವರ ಹೆಗಲೇರಿತು. ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕೆಂದು ಅವರು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಮಾರ್ದನಿ ತಗ್ಗಿತು. ಸದ್ದು ಹೊತ್ತ ಗಾಳಿ ಸಣ್ಣ ರಂಧ್ರಗಳಲ್ಲಿ ನುಗ್ಗಿ ಉಜ್ಜಾಡುವಾಗ ಅದರ ಶಕ್ತಿ ಬಿಸಿಯಾಗಿ ಕರಗುತ್ತದೆ. ಆದರೆ ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿರಬೇಕು, ಗುಳ್ಳೆಯಂತೆ ಮುಚ್ಚಿದ್ದರೆ ಕೆಲಸವಾಗದು.

1917ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಫ್ರಾನ್ಸಿಸ್ ಸ್ಟ್ರಾಬ್ ಕುಲುಮೆಯಲ್ಲಿ ಕಲ್ಲಿದ್ದಲು ಉರಿದುಳಿದ ಕಿಟ್ಟ, ಸಿಮೆಂಟು ಬೆರೆಸಿದ ಬ್ಲಾಕಿಗೆ ಪೇಟೆಂಟ್ ಪಡೆದರು. ಅಗ್ಗದ, ಹಗುರವಾದ ಆ ಗೋಡೆ ಸದ್ದನ್ನೂ ಹೀರುತ್ತಿತ್ತು. ಇಂಥ ಒರಟು, ರಂಧ್ರಮಯ ಬ್ಲಾಕು 250 ಹರ್ಟ್ಸ್ ಸದ್ದಿನಲ್ಲಿ ಶೇ 44ರಷ್ಟನ್ನು ಹೀರುತ್ತದೆ ಎನ್ನುತ್ತವೆ ಧ್ವನಿ ಎಂಜಿನಿಯರರ ಕೋಷ್ಟಕಗಳು. ಅದಕ್ಕೆ ಬಣ್ಣ ಬಳಿದರೆ ಶೇ 5 ಮಾತ್ರ! ಚೆಂದಕ್ಕೆಂದು ಬಳಿಯುವ ಒಂದು ಕೋಟು ಬಣ್ಣ ಎಷ್ಟು ಶಾಲೆಗಳ ಗೋಡೆಗಳನ್ನು ಕಿವುಡಾಗಿಸಿದೆಯೋ.

ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯದ ಎಂಜಿನಿಯರರು ಹೆದ್ದಾರಿಯ ಸದ್ದುತಡೆ ಗೋಡೆಗೆಂದೇ ತಳಬೂದಿಯನ್ನು ಜರಡಿ ಹಿಡಿದರು. ದಪ್ಪ ಕಾಳು ಹೆಚ್ಚು ಹೀರುತ್ತದೆ, ಆದರೆ ಗಟ್ಟಿತನ ಕಡಿಮೆ. ಹಾಗಾಗಿ ಬೇರೆ ಬೇರೆ ಗಾತ್ರದ ಕಾಳುಗಳನ್ನು ಪದರಪದರವಾಗಿ ಜೋಡಿಸಿದರು. ಬೂದಿಯಿಂದ ಭಾರಲೋಹ ನೀರಿಗೆ ಇಳಿಯುತ್ತದೆಯೇ ಎಂದೂ ಪರೀಕ್ಷಿಸಿದರು. ಈ ಪರೀಕ್ಷೆಯನ್ನು ಬಿಟ್ಟು ಮಾಡುವ ಯಾವ ಬೂದಿ ಗೋಡೆಯನ್ನೂ ನಾನು ಒಪ್ಪಲಾರೆ.

ನಮ್ಮಲ್ಲಿ ತಳಬೂದಿ ಇಂದಿಗೂ ಬಹುಪಾಲು ನೀರಿನೊಡನೆ ಬೂದಿಹೊಂಡ ಸೇರುತ್ತದೆ. ಅತ್ತ ಬೆಂಗಳೂರಿನ ಮೇಲ್ಸೇತುವೆಗೆ ಅಂಟಿಕೊಂಡ ಮನೆಗಳಲ್ಲಿ ಮಕ್ಕಳು ಕಿಟಕಿ ಬಿಗಿದು ಓದುತ್ತಿದ್ದಾರೆ. ಶಕ್ತಿನಗರದ ಒಂದು ಲಾರಿ ತಳಬೂದಿಯನ್ನು ಅಲ್ಲಿಗೆ ತಂದು, ಸೇತುವೆಯ ಅಂಚಿಗೆ ಬಣ್ಣ ಬಳಿಯದ ಹತ್ತು ಮಾರು ಗೋಡೆ ಕಟ್ಟಿ, ಆ ಕಿಟಕಿಯೊಳಗೆ ನಿಂತು ಅಳೆದು ನೋಡಬೇಕು.